ಬಸವಣ್ಣನ ಕರುಗಳು

ಟೆಕ್ಸಸ್ಸಿನ ಟೇಲರ್ ಪೇಟೆ ದಾಟಿ, ಚಿಪ್ ಕಾರ್ಖಾನೆಯ ಬಿಳಿ ಗೋಡೆಗಳೂ ಮರೆಯಾದ ಮೇಲೆ ಸಿಗುವ ಆ ಹುಲ್ಲುಗಾವಲನ್ನು ಮೂರು ಕನ್ನಡದ ಸಂಸಾರಗಳು ಸೇರಿ ಕೊಂಡಾಗ, ದನ ಸಾಕುವ ಆಸೆ ಅವರಲ್ಲಿ ಯಾರಿಗೂ ಇರಲಿಲ್ಲ. ತೆರಿಗೆ ಇಳಿಯಲು ಜಮೀನು ಬೇಸಾಯದ್ದೆಂದು ಕೌಂಟಿಯವರು ಒಪ್ಪಬೇಕಾದರೆ ಅದರಲ್ಲಿ ಏನಾದರೂ ಮೇಯುತ್ತಿರಬೇಕು. ಅಷ್ಟಕ್ಕೇ ದನ ಬಂದವು. ಪಕ್ಕದ ಮುದುಕನೊಬ್ಬ ತನ್ನ ದನದ ರ‍್ಯಾಂಚ್ ಮುಚ್ಚುವಾಗ ಬಿಟ್ಟುಕೊಟ್ಟ ಹತ್ತು ಕಪ್ಪು ಆಂಗಸ್ ಕಡಸುಗಳು. ಕೋಡಿಲ್ಲದ, ಗಿಡ್ಡ ಕಾಲಿನ, ಇನ್ನೂ ಒಂದು ಸಲವೂ ಈಯದವು. ಆ ನಾಡಿನಲ್ಲಿ ಈ ತಳಿ ಇರುವುದೇ ಮಾಂಸಕ್ಕೆ. ಹಾಗಾಗಿ ಮೊದಲ ದಿನವೇ ಎಲ್ಲರೂ ಓಕ್ ಮರದ ಕೆಳಗೆ ನಿಂತು, ಇಲ್ಲಿಂದ ಒಂದು ಪ್ರಾಣಿಯೂ ಕಟುಕರ ಲಾರಿ ಹತ್ತಬಾರದೆಂದು ಆಣೆ ಮಾಡಿಕೊಂಡರು. ಆಮೇಲೆ ಕೂಲರ್ ತೆಗೆದು ಮೊಸರನ್ನ ತಿಂದರು.

ವಸುಧಾಗೆ ಆವತ್ತು ಸಂತೋಷಕ್ಕೆ ಮೊಸರನ್ನದ ನೆನಪೂ ಇರಲಿಲ್ಲ. ಹೆಬ್ಬಾಳದಲ್ಲಿ ಪಶುತಳಿ ವಿಜ್ಞಾನ ಓದಿದವಳು ಅವಳು. ಹೊಸಕೋಟೆ, ಮಾಲೂರಿನ ಹಟ್ಟಿಗಳಲ್ಲಿ ಮಿಶ್ರತಳಿ ಕರುಗಳನ್ನು ತೂಗುತ್ತಾ ಸ್ಕೂಟರಿನಲ್ಲಿ ಅಲೆದವಳು. ಮದುವೆಯಾಗಿ ಫ್ಲೂಗರ್‌ವಿಲ್‌ಗೆ ಬಂದಮೇಲೆ ಆ ಓದು ಟ್ರಂಕಿಗೆ ಹೋಯಿತು. ಇಲ್ಲಿ ಹೊಸದಾಗಿ ಪರೀಕ್ಷೆ ಬರೆಯೋಣವೆನ್ನುವಷ್ಟರಲ್ಲಿ ಮಗಳು ಶ್ರೀಜಾ ಹುಟ್ಟಿದಳು, ಆಮೇಲೆ ಅತ್ತೆಗೆ ಹುಷಾರಿಲ್ಲ, ಆಮೇಲೆ ಇನ್ನೇನೋ. ಮನೆಗೆ ಬಂದವರು ನಗುತ್ತಾ ‘ದನದ ಡಾಕ್ಟ್ರು’ ಎನ್ನುತ್ತಿದ್ದರು. ಅವರ ನಾಯಿಗೆ ಕೆಮ್ಮು ಬಂದರೆ ಫೋನ್ ಮಾಡುತ್ತಿದ್ದರು. ಈಗ ಮೊದಲ ಬಾರಿಗೆ, ಕೂದಲು ನರೆತ ಮೇಲೆ, ಅವಳ ಮುಂದೆ ನಿಜವಾದ ಹತ್ತು ದನ ನಿಂತಿದ್ದವು. ಇವು ಸುಖವಾಗಿ ಈದು, ಕರುಗಳು ಬದುಕಿ ಬೆಳೆದರೆ ಸಾಕು, ನನ್ನ ಬಾಳು ಪೂರಾ ಹಾಳಾಗಲಿಲ್ಲ ಎಂದುಕೊಂಡೇನು ಎಂದು ಅವಳು ಮನಸ್ಸಿನಲ್ಲೇ ಹೇಳಿಕೊಂಡಳು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಜೋಕ್ ಮಾಡುತ್ತಿದ್ದ.

ಆ ಬೇಸಗೆ ಮಳೆಯೇ ಬರಲಿಲ್ಲ. ಕಪ್ಪು ಚರ್ಮದ ಕಡಸುಗಳು ಬೆಳಗಿನ ಒಂಬತ್ತಕ್ಕೇ ನಾಲಿಗೆ ಚಾಚಿ, ಹೊಂಡದ ಅರೆಬರೆ ಕೆಸರಿನಲ್ಲಿ ಹೊಟ್ಟೆ ಮುಳುಗಿಸಿ ನಿಲ್ಲುತ್ತಿದ್ದವು, ಮೇಯುತ್ತಲೇ ಇರಲಿಲ್ಲ. ಇವುಗಳ ಕರುಗಳಾದರೂ ಈ ಬಿಸಿಲು ತಡೆಯಬೇಕಾದರೆ ಭುಜದ ಮೇಲೆ ಹಿಣಿಲಿರುವ ತಳಿಯ ರಕ್ತ ಬೆರೆಯಬೇಕೆಂದು ವಸುಧಾ ಹೇಳಿದಳು. ಇಲ್ಲಿಯವರು ಬ್ರಾಹ್ಮನ್ ಎನ್ನುವ ಬೂದು ಗೂಳಿಯ ಮೂಲಪುರುಷರು ನಮ್ಮ ಕಡೆಯಿಂದಲೇ ಹಡಗು ಹತ್ತಿದವರು ಎಂದಳು. ಈ ಮಾತು ಕೇಳಿದ್ದೇ ತಡ, ಹ್ಯೂಸ್ಟನ್ನಿನ ಡಾಕ್ಟರ್ ಶಿವಪುತ್ರಪ್ಪ ಎದ್ದು ನಿಂತರು. ಧಾರವಾಡದವರು, ದೊಡ್ಡ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕ ನೋಡಿಕೊಳ್ಳುವವರು, ಮೂರನೆಯ ಪಾಲು ಅವರದು.

“ಬಸವಣ್ಣ ಬರ್ತಾನಂದ್ರ ನಾ ತರ್ತೀನ್ರಿ ಅಕ್ಕಾರ. ನೀವು ಹೂಂ ಅನ್ರಿ, ಸಾಕು.”

ಇನ್ನೊಂದು ಪಾಲಿನ, ಫ್ಲವರ್ ಮೌಂಡಿನ ಭಾಸ್ಕರನ ಹೆಂಡತಿ ಕುಮುದಾ ಒಬ್ಬಳೇ ಕೇಳಬೇಕಾದದ್ದನ್ನು ಕೇಳಿದಳು. “ಚೊಚ್ಚಲು ಕಡಸುಗಳು ವಸುಧಾ, ಇಷ್ಟಿಷ್ಟೇ ಇವೆ. ಗೂಳಿ ನೋಡಿದ್ರೆ ಬೆಟ್ಟದ ಥರ ಇರುತ್ತೆ. ಈಯೋವಾಗ ಕಷ್ಟ ಆಗಲ್ವಾ?”

ವಸುಧಾ ನಕ್ಕುಬಿಟ್ಟಳು. “ನೂರಾರು ನೋಡಿದೀನಿ ಕುಮುದಾ. ಈ ಎರಡು ಜಾತಿ ಬೆರೆತ್ರೆ ಕರು ಪುಟ್ಟದಾಗಿ ಹುಟ್ಟುತ್ತೆ, ಬೆಣ್ಣೆ ಜಾರಿದ ಹಾಗೆ ಬರುತ್ತೆ. ಬೆಳೆಯೋದೆಲ್ಲ ಆಮೇಲೆ.”

ಅವಳು ನೂರಾರು ನೋಡಿದ್ದು ಸುಳ್ಳಲ್ಲ. ಆ ಕರುಗಳೆಲ್ಲ ಮೂವತ್ತು, ನಲವತ್ತು ಪೌಂಡ್ ತೂಗಿದ್ದೂ ಸುಳ್ಳಲ್ಲ. ಅರ್ಧ ಆ ರಕ್ತ, ಅರ್ಧ ಈ ರಕ್ತ ಎಂದಮೇಲೆ ಯಾವ ಅರ್ಧ ತಾಯಿಯಿಂದ, ಯಾವ ಅರ್ಧ ತಂದೆಯಿಂದ ಬಂತೆಂದು ಅವಳು ಯೋಚಿಸಲೇ ಇಲ್ಲ. ಎಲ್ಲರೂ ಒಪ್ಪಿದರು. ಇಂಥ ವಿಷಯದಲ್ಲಿ ಅವಳ ಮಾತು ಕೇಳಿ ಎಲ್ಲರೂ ತಲೆಯಾಡಿಸಿದ್ದು ಅವಳ ಜೀವಮಾನದಲ್ಲೇ ಮೊದಲು. ಆ ಸಂಜೆ ಮನೆಗೆ ಹೋಗುವಾಗ ಕಾರಿನಲ್ಲಿ ಅವಳು ಹಾಡಿಕೊಳ್ಳುತ್ತಿದ್ದಳು.

ಮರುವರ್ಷ ಬಸವ ಜಯಂತಿಯ ಭಾನುವಾರ ಟ್ರೇಲರಿನಿಂದ ಗೂಳಿ ಇಳಿಯಿತು. ಹಿಣಿಲು, ಕತ್ತಿನ ಕೆಳಗೆ ತೂಗುವ ಗಂಗೆದೊಗಲು, ಜೋತ ಕಿವಿ, ಕಾಡಿಗೆ ತೀಡಿದಂಥ ಕಣ್ಣು. ಶಿವಪುತ್ರಪ್ಪನವರು ಚಪ್ಪಲಿ ಬಿಟ್ಟು ಮುಂದೆ ಹೋಗಿ, ಅದರ ಹಣೆಗೆ ವಿಭೂತಿ ಹಚ್ಚಿ, ಅಲ್ಲೇ ಅತ್ತುಬಿಟ್ಟರು. ಕುಮುದಾ ಆರತಿ ಎತ್ತಿದಳು. ಮಕ್ಕಳು ಬಾಳೆಹಣ್ಣು ತಿನ್ನಿಸಿದರು. ಮೆದು ಸ್ವಭಾವದ ಪ್ರಾಣಿ ಪಾಪ, ಎಲ್ಲವನ್ನೂ ಮಾಡಿಸಿಕೊಂಡಿತು. ಅದೇ ದಿನ ಅದನ್ನು ಹತ್ತೂ ಕಡಸುಗಳ ಜೊತೆ ಬಿಟ್ಟರು. ಯಾವುದು ಯಾವಾಗ ಗಬ್ಬವಾಯಿತೆಂದು ಯಾರೂ ನೋಡಲಿಲ್ಲ. ನೋಡುವ ಅಗತ್ಯವೂ ಕಾಣಲಿಲ್ಲ.

ಕಡಸುಗಳಲ್ಲಿ ಮಿಣಕಿ ಎಂಬುದೊಂದಿತ್ತು. ಎಲ್ಲಕ್ಕಿಂತ ಚಿಕ್ಕದು, ವಸುಧಾಳ ಮೊಣಕೈ ನೆಕ್ಕುವ, ಅವಳು ಹೊರಟರೆ ಬೇಲಿಯುದ್ದಕ್ಕೂ ಕಾರಿನ ಜೊತೆ ನಡೆದುಕೊಂಡು ಬರುವ ಪ್ರಾಣಿ. ಹೆಸರಿಟ್ಟವಳೂ ಅವಳೇ. ಮಿಣಕಿಯ ಹೊಟ್ಟೆ ಚಳಿಗಾಲದ ಹೊತ್ತಿಗೆ ಅದರ ಮೈಯನ್ನೇ ಮೀರಿ ಬೆಳೆಯಿತು. ವಸುಧಾ ಅದನ್ನು ಸವರಿ ಹಿಗ್ಗುತ್ತಿದ್ದಳು.

ಫೆಬ್ರವರಿಯಲ್ಲಿ ಮೊದಲ ಕರು ಹುಟ್ಟಿತು, ಹೆಣ್ಣು. ತಾಯಿ ಬಹಳ ತಿಣುಕಿತು, ವಸುಧಾ ಮತ್ತು ಗಂಡ ರಾಜಗೋಪಾಲ ಇಬ್ಬರೂ ಕಾಲು ಹಿಡಿದು ಜಗ್ಗಬೇಕಾಯಿತು, ಆದರೂ ಬಂತು. ಜೋಳಿಗೆಯಲ್ಲಿಟ್ಟು ತೂಗಿದರೆ ಎಂಬತ್ತೆಂಟು ಪೌಂಡ್. ವಸುಧಾ ತಕ್ಕಡಿಯನ್ನು ಬಿಚ್ಚಿ, ಮತ್ತೆ ಕಟ್ಟಿ, ಇನ್ನೊಮ್ಮೆ ತೂಗಿದಳು. ಅಷ್ಟೇ ಬಂತು.

ರಾಜಗೋಪಾಲ ಆಗಲೇ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕಿ, ತೂಕವನ್ನೂ ಬರೆದಿದ್ದ. ಶುಭಾಶಯ ಸುರಿದವು. ನಮ್ಮ ಜನಕ್ಕೆ ಹುಟ್ಟಿದ ಕೂಸು ಗುಂಡುಗುಂಡಾಗಿದ್ದರೆ ಅದಕ್ಕಿಂತ ಭಾಗ್ಯ ಬೇರೆ ಇಲ್ಲವಲ್ಲ. “ಯಾಕೆ ಮುಖ ಹಾಗ್ಮಾಡ್ಕೊಂಡಿದೀಯ ವಸು? ಗೆದ್ದೆ ಕಣೇ!” ಎಂದ. ಅವಳು ಕೈ ತೊಳೆದುಕೊಳ್ಳಲು ಹೋದಳು. ಹೊಸಕೋಟೆಯ ಯಾವ ಕರುವೂ ಇದರ ಅರ್ಧದಷ್ಟೂ ತೂಗಿರಲಿಲ್ಲ.

ಎರಡನೆಯದು ಗಂಡು. ಮೂಗೂ ಮುಂಗಾಲಿನ ಗೊರಸೂ ಕಂಡು ಅಲ್ಲೇ ನಿಂತಿತು. ಇಬ್ಬರು ಜಗ್ಗಿದರೂ ಬರಲಿಲ್ಲ. ಟೇಲರ್‌ನ ಪಶುವೈದ್ಯೆ ಡಾಕ್ಟರ್ ಹೋಲುಬ್ ಟ್ರಕ್ಕಿನಲ್ಲಿ ಬಂದು, ಸರಪಳಿ ಹಾಕಿ, ಕಬ್ಬಿಣದ ಜಾಕ್ ತಿರುವಿ ತೆಗೆಯುವ ಹೊತ್ತಿಗೆ ಕರುವಿನ ನಾಲಿಗೆ ನೀಲಿಯಾಗಿ ಹೊರಗೆ ಜೋತುಬಿದ್ದಿತ್ತು. ಹುಲ್ಲಿನ ಮೇಲೆ ಬಿದ್ದ ಅದರ ಎದೆಯ ಅಗಲ ನೋಡಿ ಆಕೆ, ಯಾವ ಗೂಳಿ ಎಂದು ಕೇಳಿದರು. ವಸುಧಾ ಬೇಲಿಯಾಚೆ ನಿಂತಿದ್ದ ಬಸವಣ್ಣನನ್ನು ತೋರಿಸಿದಳು. ಆಕೆ ಕೈಗವಸು ಕಳಚಿದರು.

ಆಮೇಲೆ ಹೇಳಿದ್ದು ಇಷ್ಟು. ತಾಯಿ ಹಿಣಿಲಿನ ತಳಿಯದಾದರೆ, ತಂದೆ ಯಾರೇ ಆಗಿರಲಿ, ಅವಳ ಗರ್ಭ ಕರುವನ್ನು ಹದ್ದುಬಸ್ತಿನಲ್ಲಿ ಇಡುತ್ತದೆ. ತಿರುಗಿಸಿ ನೋಡಿ: ತಂದೆ ಹಿಣಿಲಿನವನು, ತಾಯಿ ಇಂಥ ಕಪ್ಪು ಕಡಸು. ಆಗ ಕರುವನ್ನು ತಡೆಯುವವರೇ ಇಲ್ಲ. ದಿನ ತುಂಬಿದ ಮೇಲೂ ಒಳಗೇ ಇದ್ದು ಬೆಳೆಯುತ್ತದೆ. ಗಂಡಾದರಂತೂ ಇನ್ನೂ ಭಾರ. ಹಳೆಯ, ಹಲವು ಸಲ ಈದ ಹಸುಗಳಿಗಾದರೆ ಈ ಗೂಳಿ ನಡೆಯುತ್ತದೆ. ಚೊಚ್ಚಲು ಕಡಸುಗಳಿಗೆ ಇಲ್ಲಿ ಯಾರೂ ಬಿಡುವುದಿಲ್ಲ.

ವಸುಧಾಗೆ ಹೊಸಕೋಟೆಯ ಹಟ್ಟಿಗಳು ಕಣ್ಣ ಮುಂದೆ ಬಂದವು. ಅಲ್ಲಿ ಪ್ರತಿಯೊಂದು ತಾಯಿಯೂ ನಾಟಿ ಹಸು. ಹಿಣಿಲಿನವಳು. ಕೃತಕ ಗರ್ಭಧಾರಣೆಯ ಕಡ್ಡಿಯಲ್ಲಿ ಬರುತ್ತಿದ್ದ ಜೆರ್ಸಿ ಗೂಳಿಯ ಬೀಜ ಎಷ್ಟೇ ದೊಡ್ಡ ತಳಿಯದಾಗಿದ್ದರೂ ಆ ತಾಯಂದಿರು ತಮ್ಮ ಅಳತೆಗೆ ಕರು ಬೆಳೆಸಿ ಹೆತ್ತಿದ್ದರು. ಅವಳು ಅದನ್ನು ಬೆರಕೆಯ ಗುಣವೆಂದು ಕಲಿತುಬಿಟ್ಟಿದ್ದಳು. ಅದು ತಾಯಂದಿರ ಗುಣ.

“ಉಳಿದವುಗಳಿಗೆ ಈಗ ಏನು ಮಾಡಬಹುದು?” ಎಂದು ಕೇಳಿದಳು. ಗಬ್ಬವಾದ ಮೊದಲ ತಿಂಗಳುಗಳಲ್ಲಾಗಿದ್ದರೆ ಒಂದು ಇಂಜೆಕ್ಷನ್ನಿನಲ್ಲಿ ಗರ್ಭ ಇಳಿಸಬಹುದಿತ್ತು, ಈಗ ಅದು ಮೀರಿದೆ. ಯಾವುದಕ್ಕೆ ಯಾವಾಗ ದಿನ ತುಂಬುತ್ತದೆಂದು ಗೊತ್ತಿಲ್ಲದೆ ಮುಂಚೆಯೇ ಕೊಯ್ದು ತೆಗೆಯಲೂ ಆಗುವುದಿಲ್ಲ ಎಂದರು ಹೋಲುಬ್. ಎಂಟು ಕಡಸುಗಳು ಬೇಲಿಯ ಹತ್ತಿರ ಮೆಲುಕು ಹಾಕುತ್ತಾ ನಿಂತಿದ್ದವು. ಒಂದೊಂದರ ಒಳಗೂ ಅವಳ ಮಾತು ದಿನದಿನಕ್ಕೆ ಬೆಳೆಯುತ್ತಿತ್ತು.

ಆ ತಿಂಗಳನ್ನು ವಸುಧಾ ಹುಲ್ಲುಗಾವಲಿನಲ್ಲೇ ಕಳೆದಳು. ಗೂಳಿಯನ್ನು ಬೇರೆ ಕಟ್ಟಿಸಿದಳು. ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿ ಫೋನಿನಲ್ಲಿ ಕಾಣುವಂತೆ ಮಾಡಿಸಿಕೊಂಡಳು. ಒಂದು ಕಡಸು ಕರುವಿನ ಸಮೇತ ಸತ್ತಿತು. ಇನ್ನೊಂದರ ಹೊಟ್ಟೆಯನ್ನು ನಿಂತಲ್ಲೇ ಕೊಯ್ದು ಕರು ತೆಗೆದರು. ಕರು ಉಳಿಯಿತು, ತಾಯಿ ನಂಜಾಗಿ ಹೋಯಿತು. ಹೆಣ್ಣು ಕರುಗಳು ಹೇಗೋ ಬದುಕಿ ಬಂದವು. ಮತ್ತೊಂದು ಗಂಡು ಕರು ಸತ್ತು ಬಿತ್ತು. ಅದರ ತಾಯಿ ಮೂರು ದಿನ ಆ ಜಾಗದ ಮಣ್ಣು ಮೂಸುತ್ತಾ ಕೂಗಿತು. ಪ್ರತಿಸಲವೂ ರಾಜಗೋಪಾಲ, “ನಿನ್ನ ತಪ್ಪಲ್ಲ, ಹಣೆಬರಹ,” ಎನ್ನುತ್ತಿದ್ದ. ಅವಳಿಗೆ ಆ ಸಮಾಧಾನ ಕೇಳಿದರೆ ಕಿರುಚಿಕೊಳ್ಳಬೇಕು ಅನ್ನಿಸುತ್ತಿತ್ತು. ಹಣೆಬರಹವಲ್ಲ, ನಾನು ಹೇಳಿದ್ದು, ನನ್ನ ಬಾಯಿಂದ ಬಂದದ್ದು, ನೀವೆಲ್ಲ ಕೇಳಿಸಿಕೊಂಡಿರಿ ಎಂದು ಹೇಳಿಯೂ ನೋಡಿದಳು. ಅವನು ಅವಳ ಭುಜ ತಟ್ಟಿ ಕಾಫಿ ತರಲು ಹೋದ.

ಕೊನೆಗೆ ಈಯಲು ಮಿಣಕಿಯೊಂದೇ ಉಳಿಯಿತು.

ಆ ಶನಿವಾರ ಡ್ಯಾಲಸ್‌ನಲ್ಲಿ ಶ್ರೀಜಾಳ ನೃತ್ಯ. ಮಗಳು ಎರಡು ವರ್ಷ ಬೆವರು ಸುರಿಸಿದ ಕಾರ್ಯಕ್ರಮ, ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಬೆಳಿಗ್ಗೆ ನೋಡಿದಾಗ ಮಿಣಕಿಯ ಕೆಚ್ಚಲು ಬಿಗಿದಿರಲಿಲ್ಲ, ಬಾಲದ ಬುಡ ಸಡಿಲವಾಗಿರಲಿಲ್ಲ. ಇವತ್ತಲ್ಲ ಎಂದುಕೊಂಡು ಹೊರಟಳು. ಹೋಲುಬ್ ಕೂಡ ಆ ದಿನ ಬೇರೆ ಕೌಂಟಿಯಲ್ಲಿ ಇರುವುದಾಗಿ ಹೇಳಿದ್ದರು.

ಸಭಾಂಗಣದ ಮೊದಲ ಸಾಲಿನಲ್ಲಿ ಕೂತು ಫೋನ್ ತೆರೆದರೆ ಮಿಣಕಿ ಮಲಗಿ, ಎದ್ದು, ಮತ್ತೆ ಮಲಗುತ್ತಿತ್ತು. ವೇದಿಕೆಯ ಪಕ್ಕದಿಂದ ಶ್ರೀಜಾ ಗೆಜ್ಜೆ ಕಟ್ಟಿಕೊಂಡೇ ಓಡಿಬಂದು, “ಅಮ್ಮಾ, ಪ್ಲೀಸ್, ಜಸ್ಟ್ ಟುಡೇ. ಪುಟ್ ಇಟ್ ಅವೇ,” ಎಂದಳು. ವಸುಧಾ ಫೋನನ್ನು ಸೆರಗಿನ ಮರೆಗೆ ಹಾಕಿದಳು. ಮೃದಂಗ ಶುರುವಾಯಿತು. ಸೆರಗಿನ ಮರೆಯಲ್ಲಿ ಪರದೆಯ ಮೇಲೆ ಎರಡು ಬಿಳಿ ಗೊರಸು ಹೊರಗೆ ಬಂದವು, ಅಂಗೈ ಅಗಲದವು. ಅವಳು ಎದ್ದು ಹೊರಗೆ ನಡೆದಳು. ಮಗಳು ವೇದಿಕೆಯ ಮೇಲಿಂದ ಅದನ್ನು ನೋಡಿದಳು. ತಾಳ ತಪ್ಪಲಿಲ್ಲ, ಮುಖ ಮಾತ್ರ ಬಾಡಿತು.

ಕಾರಿನಿಂದಲೇ ಹೋಲುಬ್‌ಗೆ ಫೋನ್ ಮಾಡಿದಳು, ಪಕ್ಕದ ರ‍್ಯಾಂಚಿಗೆ ಮಾಡಿದಳು. ಅರ್ಧದಾರಿಯ ವೇಕೋ ಹತ್ತಿರ ರಸ್ತೆ ದುರಸ್ತಿ, ಟ್ರಕ್ಕುಗಳ ಸಾಲು. ಅವಳು ಸ್ಟೀರಿಂಗಿಗೆ ತಲೆ ಚಚ್ಚಿಕೊಂಡು ಅತ್ತಳು. ತಲುಪುವಷ್ಟರಲ್ಲಿ ಹೋಲುಬ್ ತಮ್ಮ ಕೆಲಸ ಬಿಟ್ಟು ಬಂದು ಕರು ತೆಗೆದಾಗಿತ್ತು. ಗಂಡು, ನೂರ ಹತ್ತು ಪೌಂಡ್, ಜೀವಂತ. ಮಿಣಕಿ ಹಿಂಗಾಲು ಚಾಚಿಕೊಂಡು ಬಿದ್ದಿತ್ತು. ಕರು ಅಷ್ಟು ಹೊತ್ತು ಒಳಗೆ ಸಿಕ್ಕಿಕೊಂಡು ಕಾಲಿನ ನರಗಳು ಜಜ್ಜಿಹೋಗಿದ್ದವು. ಮುಂಗಾಲು ಊರಿ ಎದ್ದೇಳಲು ನೋಡುತ್ತಿತ್ತು, ಕುಸಿಯುತ್ತಿತ್ತು, ಮತ್ತೆ ನೋಡುತ್ತಿತ್ತು. ವಸುಧಾಳನ್ನು ಕಂಡು ಕೂಗಿತು.

ಒಂದು ವಾರ ಅದನ್ನು ಟ್ರ್ಯಾಕ್ಟರಿನ ಪಟ್ಟಿಗೆ ಕಟ್ಟಿ ಎತ್ತಿ ನಿಲ್ಲಿಸಿದರು. ಪಟ್ಟಿ ಬಿಟ್ಟರೆ ಬೀಳುತ್ತಿತ್ತು. ತೊಡೆಯಲ್ಲಿ ಹುಣ್ಣಾಯಿತು, ಹುಣ್ಣಿಗೆ ನೊಣ ಮುತ್ತಿದವು. ಕರು ಮಾತ್ರ ಮಲಗಿದ ತಾಯಿಯ ಪಕ್ಕ ಮೊಣಕಾಲೂರಿ ಗಿಣ್ಣು ಹಾಲು ಕುಡಿಯಿತು, ಬಾಲ ಆಡಿಸಿತು. ಮಿಣಕಿ ಕತ್ತು ತಿರುಗಿಸಿ ಅದನ್ನು ನೆಕ್ಕುತ್ತಿತ್ತು. ಇನ್ನು ಹಿಂಸೆ ಕೊಡಬೇಡಿ, ಸೂಜಿ ಕೊಟ್ಟು ನಾನೇ ಶಾಶ್ವತವಾಗಿ ಮಲಗಿಸಿಬಿಡುತ್ತೇನೆ ಎಂದರು ಹೋಲುಬ್.

ಓಕ್ ಮರದ ಕೆಳಗೆ ಮತ್ತೆ ಎಲ್ಲರೂ ಸೇರಿದರು. ಕುಮುದಾ ಕಣ್ಣೊರೆಸಿಕೊಂಡು, “ಗೋಹತ್ಯೆ ಕಣೇ, ಮಕ್ಕಳೊಂದಿಗರು ನಾವು,” ಎಂದಳು. ಶಿವಪುತ್ರಪ್ಪನವರ ದನಿ ಒಡೆಯಿತು. “ಮನಷ್ಯಾರ ವಿಷಯದಾಗ ನಾನ ಮುಂದ ನಿಂತು ಹೇಳ್ತೀನ್ರಿ ಅಕ್ಕಾರ, ಸಾಕು, ಮಷಿನ್ ತಗೀರಿ ಅಂತ. ವಾರಕ್ಕೊಬ್ಬರಿಗೆ ಹೇಳ್ತೀನಿ. ಇದಕ್ಕ ನನ್ನ ಬಾಯಾಗ ಬರವಲ್ದು.”

“ರೀ, ನೀವು ಹೇಳಿ,” ಎಂದಳು ವಸುಧಾ ಗಂಡನಿಗೆ. ರಾಜಗೋಪಾಲ ಕಾರಿನ ಕಡೆ ನಡೆದ. ಅವನಿಗೆ ಜೋಕೂ ಹೊಳೆಯಲಿಲ್ಲ.

ಅವರು ಹೋದ ಮೇಲೆ ಅವಳೇ ಹೋಲುಬ್‌ಗೆ ಹೂಂ ಎಂದಳು. ಮಿಣಕಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಸೂಜಿ ಕುತ್ತಿಗೆಗೆ ಹೋಗುವಾಗಲೂ ಅದು ಅವಳ ಮೊಣಕೈ ನೆಕ್ಕುತ್ತಿತ್ತು. ನೆಕ್ಕುವುದು ನಿಂತಿತು. ಅವಳಿಗೆ ಆ ಕ್ಷಣ ಇನ್ನು ಬದುಕಿ ಏನಾಗಬೇಕೆಂದು ಅನ್ನಿಸಿತು, ನಿಜವಾಗಿ ಅನ್ನಿಸಿತು.

ಅಲ್ಲಿಂದ ಮುಂದೆ ಅವಳು ಹುಲ್ಲುಗಾವಲಿನ ಕಡೆ ಹೋಗಲಿಲ್ಲ. ಯಾರೂ ಅವಳಿಗೆ ಒಂದು ಗಡಸು ಮಾತೂ ಆಡಲಿಲ್ಲ. ಅದಕ್ಕೆ ಬದಲು ಎಲ್ಲರೂ ಮೆತ್ತಗೆ ಮಾತಾಡಿಸಿದರು, ಕಾಯಿಲೆಯವರನ್ನು ಮಾತಾಡಿಸುವ ಹಾಗೆ. ಮಿಣಕಿಯ ಕರುವನ್ನು, ತನ್ನ ಕರು ಕಳೆದುಕೊಂಡಿದ್ದ ಹಸುವಿಗೆ ಹೊಂದಿಸಿದರು. ರಾಜಗೋಪಾಲ ದಿನಾ ಬೆಳಿಗ್ಗೆ ಹೋಗಿ ನೋಡಿಕೊಳ್ಳುತ್ತಿದ್ದ. ಕರು ಬೆಳೆಯಿತು. ಹೇಗೆ ಬೆಳೆಯಿತೆಂದರೆ, ಜುಲೈನ ಒಣಹುಲ್ಲಿನ ಮೇಲೆ, ಅಕ್ಕಪಕ್ಕದ ರ‍್ಯಾಂಚಿನ ಕಪ್ಪು ಕರುಗಳು ನೆರಳಿಗೆ ಸೇರಿ ಸೊರಗುತ್ತಿದ್ದಾಗ, ಇದು ನಡುಮಧ್ಯಾಹ್ನ ಬಯಲಲ್ಲಿ ನಿಂತು ಮೇಯುತ್ತಿತ್ತು. ಮೈ ಮಿರಮಿರ ಮಿಂಚುತ್ತಿತ್ತು. ಉಳಿದ ಹೆಣ್ಣು ಕರುಗಳೂ ಹಾಗೆಯೇ. ಅಂದರೆ ವಸುಧಾ ಹೇಳಿದ್ದರಲ್ಲಿ ಆ ಭಾಗ ಪೂರಾ ನಿಜವಾಗಿತ್ತು. ಫೋಟೋಗಳು ಗ್ರೂಪಿಗೆ ಬಂದವು. ಅವಳು ತೆರೆದು ನೋಡಲಿಲ್ಲ.

ಗೌರಿ ಹಬ್ಬಕ್ಕೆ ಫ್ಲವರ್ ಮೌಂಡಿನಲ್ಲಿ ಕುಮುದಾಳ ಮನೆಗೆ ಹೋಗಲೇಬೇಕಾಯಿತು. ನಡುಮನೆಯ ಟಿವಿಯ ಮೇಲೆ ಹಬ್ಬದ ಹಾಡಿನ ಬದಲು ಮಿಣಕಿಯ ಕರುವಿನ ಫೋಟೋಗಳು ಓಡುತ್ತಿದ್ದವು. ವೆಂಕಟಗಿರಿ ಎಂಬ ಹುಡುಗ, ಭಾಸ್ಕರನ ಆಫೀಸಿನವನು, ಆ ವರ್ಷವಷ್ಟೇ ಡೆಂಟನ್ ಕಡೆ ಜಮೀನು ಕೊಂಡವನು, ಪಾಯಸದ ಬಟ್ಟಲು ಹಿಡಿದೇ ಎದ್ದು ಬಂದು ಅವಳ ಕಾಲಿಗೆ ನಮಸ್ಕಾರ ಮಾಡಿದ.

“ಆಂಟಿ, ನಿಮ್ಮಿಂದ ನಮಗೂ ಒಳ್ಳೇದಾಗ್ತಿದೆ. ಬಸವಣ್ಣ ಜೂನ್‌ನಿಂದ ನಮ್ಮಲ್ಲೇ ಇದಾನೆ.”

ವಸುಧಾ ಗಂಡನ ಕಡೆ ನೋಡಿದಳು. ಅವನು ಟಿವಿ ನೋಡುತ್ತಿದ್ದ.

“ನಿಮ್ಮ ದನ ಯಾವುದಪ್ಪಾ?” ಎಂದಳು.

“ನಿಮ್ಮ ಥರದ್ದೇ ಆಂಟಿ, ಕಪ್ಪು ಆಂಗಸ್. ಎಲ್ಲಾ ಕಡಸುಗಳು. ಸ್ಕ್ಯಾನ್ ಮಾಡಿಸಿದ್ವಿ, ಎಲ್ಲಾ ಗಬ್ಬ ಆಗಿವೆ.”

ಅವಳು ತನ್ನ ಪಾಯಸದ ಬಟ್ಟಲು ಕೆಳಗಿಟ್ಟಳು. ನಿಂತಲ್ಲೇ, ಎಲ್ಲರ ಮುಂದೆ, ಒಂದೇ ಉಸಿರಿಗೆ ಹೇಳಿದಳು: ಸತ್ತ ಕರುಗಳನ್ನು, ಸತ್ತ ತಾಯಂದಿರನ್ನು, ಯಾಕೆ ಸತ್ತವೆಂಬುದನ್ನು. ಈ ಟಿವಿಯಲ್ಲಿ ಕಾಣುತ್ತಿರುವುದು ಉಳಿದದ್ದು ಮಾತ್ರ, ಉಳಿಯದ್ದರ ಫೋಟೋ ಯಾರೂ ತೆಗೆದಿಲ್ಲ ಎಂದಳು. “ನಿಮಗೆ ಇನ್ನೂ ಟೈಮ್ ಇದೆ. ಈ ವಾರವೇ ಡಾಕ್ಟ್ರನ್ನ ಕರೆಸಿ ಇಂಜೆಕ್ಷನ್ ಕೊಡಿಸಿ. ಗಬ್ಬ ಇಳಿದುಹೋಗುತ್ತೆ, ಹಸುಗಳು ಉಳಿಯುತ್ತೆ. ನಾನು ಬಂದು ನಿಂತು ಮಾಡಿಸ್ತೀನಿ, ದಮ್ಮಯ್ಯ.”

ಗೌರಿಯ ಮುಂದೆ ದೀಪ ಉರಿಯುತ್ತಿತ್ತು. ಬಾಗಿನ ಹಿಡಿದ ಹೆಂಗಸರು ಹಾಗೇ ನಿಂತುಬಿಟ್ಟಿದ್ದರು. ಹಬ್ಬದ ದಿನ, ದೇವರ ಎದುರು, ಹಸುಗಳ ಗರ್ಭ ಇಳಿಸುವ ಮಾತು. ಶಿವಪುತ್ರಪ್ಪನವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ವೆಂಕಟಗಿರಿ ತಬ್ಬಿಬ್ಬಾಗಿ ರಾಜಗೋಪಾಲನನ್ನು ನೋಡಿದ. “ಅಂಕಲ್, ಮೊದಲನೇ ಸಲ ಹೀಗೆ ಆಗೋದು ಇದ್ದದ್ದೇ ಅಂದಿದ್ರಲ್ಲ ನೀವು?”

ಆಗ ರಾಜಗೋಪಾಲ ಬಾಯಿ ಬಿಟ್ಟ. ಅಷ್ಟು ತಿಂಗಳೂ ಅವಳ ಭುಜ ತಟ್ಟಿದವನು, ಕಾಫಿ ತಂದುಕೊಟ್ಟವನು.

“ಒಂದನ್ನ ಚುಚ್ಚಿಸಿದ್ದು ಸಾಕಾಗಲಿಲ್ವಾ ನಿನಗೆ?”

ಕುಮುದಾ ಟಿವಿ ಆರಿಸಿದಳು. ಒಬ್ಬಳು ಮೆಲ್ಲಗೆ ಆರತಿಯ ಹಾಡು ಎತ್ತಿಕೊಂಡಳು, ಉಳಿದವರು ದನಿಗೂಡಿಸಿದರು, ಮನೆ ಮತ್ತೆ ಹಬ್ಬದ ಮನೆಯಾಯಿತು. ವಸುಧಾ ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕುಳಿತಳು. ಇಳಿಸುವ ದಿನಗಳು ಇನ್ನು ಕೆಲವೇ ವಾರ. ಆ ವಾರಗಳನ್ನು ಇವರು ಕೈಯಾರೆ ಕಳೆಯುತ್ತಾರೆಂದು ಅವಳಿಗೆ ಖಚಿತವಾಯಿತು. ಕೂಗಾಡಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಹೊರಡುವಾಗ ಅರಿಶಿನ ಕುಂಕುಮ ಕೊಡಲು ವೆಂಕಟಗಿರಿಯ ಹೆಂಡತಿ ಅನಘಾ ಬಂದಳು. ಕುಮುದಾ ಅವಳನ್ನು ಕಳಿಸಿದ್ದಿರಬೇಕು. ಇನ್ನೂ ಚಿಕ್ಕವಳು. ಗಂಡ ಆಫೀಸಿಗೆ ಹೋದಮೇಲೆ ಜಮೀನು ನೋಡಿಕೊಳ್ಳುವವಳು ಇವಳೇ ಎಂದು ವಸುಧಾಗೆ ಯಾರೋ ಹೇಳಿದ್ದರು. ಈಯುವಾಗ ಕಡಸುಗಳ ಹಿಂದೆ ನಿಲ್ಲುವವಳೂ ಇವಳೇ.

“ಫೋನ್ ತೆಗಿ,” ಎಂದಳು ವಸುಧಾ. “ನಂಬರ್ ಬರ್ಕೋ. ಡಾಕ್ಟರ್ ಹೋಲುಬ್. ನಿಮ್ಮ ಕಡೆ ಹೊಟ್ಟೆ ಕೊಯ್ದು ಕರು ತೆಗೆಯೋರು ಯಾರಿದಾರೆ ಅಂತ ಅವರನ್ನ ಈಗ್ಲೇ ಕೇಳಿಟ್ಕೋ. ಯುಗಾದಿ ಹತ್ತಿರ ಈಯೋದು ಶುರುವಾಗುತ್ತೆ. ಗೊರಸು ಕಂಡ ತಕ್ಷಣ ಕರಿ, ಜಗ್ಗೋದಕ್ಕೆ ಹೋಗ್ಬೇಡ, ನೋಡೋಣ ಅಂತ ಕೂರಬೇಡ.”

ಅನಘಾ ಬರೆದುಕೊಂಡಳು. ಆಮೇಲೆ ಗಂಡ ಎಲ್ಲಿದ್ದಾನೆಂದು ಹಿಂತಿರುಗಿ ನೋಡಿ, ದನಿ ತಗ್ಗಿಸಿ ಕೇಳಿದಳು. “ನೀವು ಬರಲ್ವಾ ಆಂಟಿ?”

“ಬರ್ತೀನಿ ಮಗು,” ಎಂದಳು ವಸುಧಾ. “ಆದ್ರೆ ನಾನು ಬಂದು ಏನೂ ಆಗಲ್ಲ. ನೀನು ಡಾಕ್ಟ್ರನ್ನ ಕರಿ.”